ಜೋಮು ಅಂದಿದ್ದು ನಾನೇ

ಡಾಕ್ಟರು ಕೇಳಿದ್ದು ನನ್ನ ತಮ್ಮನನ್ನು, ಉತ್ತರ ಕೊಟ್ಟವಳು ನಾನು. ಎರಡು ಸಲ ಕೇಳಿದರು, ಎರಡು ಸಲವೂ ನಾನೇ ಇಲ್ಲ ಅಂದೆ. ಮೊದಲ ಸಲ ಪ್ರಶ್ನೆ ಸರಿಯಾಗಿ ತಿಳಿಯಲಿಲ್ಲ ಅಂತ ಹೇಳಿ ತಪ್ಪಿಸಿಕೊಳ್ಳಬಹುದು. ಎರಡನೇ ಸಲ ತಿಳಿದಿತ್ತು. ತಿಳಿದೂ ಇಲ್ಲ ಅಂದೆ.

ನಾನು ಐದನೇ ಇಯತ್ತೆವರೆಗೆ ಓದಿದವಳು. ಗಂಡನ ಊರು ಹುಡಗಿ ಅನ್ನುವ ಹಳ್ಳಿ. ಅಲ್ಲಿಂದ ದಿನಾ ಶೇರ್ ಆಟೋ ಹಿಡಿದು ಹುಮನಾಬಾದಿಗೆ ಬರುತ್ತೇನೆ, ಒಂದು ಸಣ್ಣ ಖಾಸಗಿ ದವಾಖಾನೆಯಲ್ಲಿ ಆಯಾ. ಹಾಸಿಗೆ ಬದಲಿಸುವುದು, ಏಳಲಾಗದವರನ್ನು ಮಗ್ಗುಲು ಹೊರಳಿಸುವುದು, ಆಪರೇಷನ್ನಿಗೆ ಹೋಗುವವರ ಬಳೆ, ತಾಳಿ, ಉಡದಾರ ಬಿಚ್ಚಿಸಿ ಅವರ ಮಂದಿಯ ಕೈಗೆ ಕೊಡುವುದು ನನ್ನ ಕೆಲಸ. ಒಳಗೆ ಕಳಿಸುವ ಮೊದಲು ಕಡೆಯದಾಗಿ ಒಂದು ಮಾತು ಕೇಳುವುದೂ ನನ್ನದೇ ಕೆಲಸ: ಮುಂಜಾನೆಯಿಂದ ಏನಾದರೂ ತಿಂದೀರೇನು, ಕುಡಿದೀರೇನು, ಖರೇ ಹೇಳ್ರಿ ಅಂತ.

ತವರು ಮುಡಬಿಯಲ್ಲಿ ಮಾತ್ರ ನಾನು ಆಯಾ ಅಲ್ಲ, ದವಾಖಾನಿ ಅಕ್ಕ. ಯಾರಿಗೆ ಜ್ವರ ಬಂದರೂ, ಯಾವ ಕೂಸು ಹಾಲು ಬಿಟ್ಟರೂ ನನಗೆ ಫೋನು. ಬಿಳಿ ಗುಳಿಗೆ ಯಾವಾಗ, ಕೆಂಪು ಗುಳಿಗೆ ಯಾವಾಗ ಅಂತ ನಾನು ಹೇಳಿದರೆ ಅದೇ ನಡೆಯುತ್ತಿತ್ತು. ಆ ಹೆಸರು ನನಗೆ ಹಿತವಾಗಿತ್ತು. ಅದನ್ನು ಮುಚ್ಚಿಟ್ಟು ಬರೆದರೆ ಮುಂದಿನದು ಯಾರಿಗೂ ಅರ್ಥವಾಗುವುದಿಲ್ಲ.

ತಮ್ಮ ನನಗಿಂತ ನಾಲ್ಕು ವರ್ಷ ಚಿಕ್ಕವನು. ಕುರಿ ಸಾಕಿದ್ದಾನೆ, ಜೊತೆಗೆ ಸ್ವಲ್ಪ ತೊಗರಿ ಹೊಲ. ಎರಡು ವರ್ಷದ ಹಿಂದೆ ಉಣ್ಣೆ ತೆಗೆಯುವ ದಿನ ನಾನು ತವರಿಗೆ ಹೋಗಿದ್ದೆ. ಹಿಂದಿನ ದಿನವೇ ಕುರಿಗಳನ್ನು ಹಳ್ಳದಲ್ಲಿ ತೊಳೆದು ಒಣಗಿಸಿದ್ದರು. ಬೇವಿನ ಗಿಡದ ಕೆಳಗೆ ನಾಲ್ಕು ಜನ ಕೂತು ಕತ್ತರಿ ಆಡಿಸುತ್ತಿದ್ದರು. ತಮ್ಮ ಒಂದು ಕರಿ ಕುರಿಯ ಒಂದು ಮಗ್ಗುಲು ಮುಗಿಸಿ ಇನ್ನೊಂದಕ್ಕೆ ಹೊರಳಿಸಿದ. ಕತ್ತರಿ ಕೈಯಿಂದ ಜಾರಿ ಬಿತ್ತು. ಎತ್ತಿಕೊಂಡ, ಮತ್ತೆ ಬಿತ್ತು. “ಅಕ್ಕಾ, ಕೈ...” ಅಂದ. ಮುಂದಿನ ಮಾತು ನಾಲಿಗೆಗೆ ತೊಡರಿತು. ಬಾಯಿಯ ಬಲ ಮೂಲೆ ಸ್ವಲ್ಪ ಇಳಿದಿತ್ತು.

ಪಕ್ಕದಲ್ಲಿ ಉಣ್ಣೆ ತೆಗೆಯುತ್ತಿದ್ದ ದೊಡ್ಡಪ್ಪನ ಮಗ ನಗುತ್ತಾ, “ಮುಂಜಾನಿನೇ ಸಿಂದಿ ಹಾಕ್ಯಾನೇನು?” ಅಂದ. ತಮ್ಮನ ಹೆಂಡತಿ ಮಾತ್ರ ನಗಲಿಲ್ಲ. ಜೀಪು ಕರೆಸಿ ಬಸವಕಲ್ಯಾಣಕ್ಕೆ ಕರೆದೊಯ್ಯೋಣವೇ ಅಂತ ನನ್ನನ್ನು ಕೇಳಿದಳು. ಎಲ್ಲರೂ ನನ್ನ ಕಡೆ ನೋಡಿದರು. ನಾನು ಅವನ ಕೈ ಹಿಡಿದು ತಿಕ್ಕಿದೆ, ಬೆರಳು ಜಗ್ಗಿದೆ.

“ರಾತ್ರಿ ಕೈ ಮ್ಯಾಲ ಮಲಗೀದಿ, ಜೋಮ್ ಹಿಡದದ” ಅಂದೆ. “ಇಷ್ಟಕ್ಕೆಲ್ಲಾ ಕಲ್ಯಾಣಕ್ಕ ಓಡಿದ್ರ ಹ್ಯಾಂಗ? ನಾ ದಿನಾ ಇಂಥಾವು ನೋಡ್ತೀನಿ.”

ಒಲೆಯ ಮೇಲಿನ ಚಹಾ ಕುದಿದು ಇಳಿಯುವಷ್ಟರಲ್ಲಿ ಕೈ ತಿರುಗಿ ಬಂತು, ಮಾತೂ ನೆಟ್ಟಗಾಯಿತು. ಅರ್ಧ ಉಣ್ಣೆ ಹೊತ್ತು ಅಡ್ಡಾಡುತ್ತಿದ್ದ ಆ ಕುರಿಯನ್ನು ಹಿಡಿದು ತಂದು ಅವನೇ ಮುಗಿಸಿದ. ಅಂದಿನಿಂದ ಅವನಿಗೆ ಜೋಮಪ್ಪ ಅಂತ ಹೆಸರಾಯಿತು. ಕಟ್ಟೆಯ ಮೇಲೆ, ಸಂತೆಯಲ್ಲಿ, ‘ಏನೋ ಜೋಮಪ್ಪ, ಕೈ ಎದ್ದದೇನು?’ ಅಂತ ಕೇಳುತ್ತಿದ್ದರು. ಅವನೂ ನಗುತ್ತಿದ್ದ. ಹೆಸರು ಬಿದ್ದ ಮೇಲೆ ಅದು ರೋಗ ಅಂತ ಯಾರಿಗೂ ನೆನಪಿಗೆ ಬರಲಿಲ್ಲ.

ಮರುವರ್ಷ ಬೇಸಿಗೆಯಲ್ಲಿ ಅವನಿಗೆ ಎದೆಯ ನಡುವೆ ನೋವು ಶುರುವಾಯಿತು, ಬೆನ್ನಿಗೂ ಹಾಯುತ್ತಿತ್ತು. ಬಸವಕಲ್ಯಾಣದಲ್ಲಿ ಎಕ್ಸ್‌ರೇ ತೆಗೆಸಿಕೊಂಡು ಗಂಡ ಹೆಂಡತಿ ಇಬ್ಬರೂ ನನ್ನ ಹತ್ತಿರ ಬಂದರು. ನಮ್ಮ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಎರಡೂ ತೋಳಿಗೆ ಪಟ್ಟಿ ಸುತ್ತಿ ಬೀಪಿ ನೋಡಿದರು. ಎರಡೂ ಕಡೆ ಹೆಚ್ಚೇ ಇತ್ತು. ಯಾವಾಗಿನಿಂದ ಇದೆಯೋ ಗೊತ್ತಿಲ್ಲ, ಒಂದು ಗುಳಿಗೆಯನ್ನೂ ಅವನು ನುಂಗಿರಲಿಲ್ಲ. ತಡಮಾಡದೆ ಕಲಬುರಗಿಗೆ ಹೋಗಿ ಅಂದರು.

ಕಲಬುರಗಿಯ ದೊಡ್ಡ ದವಾಖಾನೆಯಲ್ಲಿ ಸ್ಕ್ಯಾನ್ ಆಯಿತು. ಆಪರೇಷನ್ ಮಾಡುವ ದೊಡ್ಡ ಡಾಕ್ಟರು ಮೈಸೂರು ಕಡೆಯವರು, ನಿಧಾನಕ್ಕೆ ಮಾತಾಡುವವರು. ತಮ್ಮ ಎಲ್ಲ ಕೇಳಬೇಕು ಅಂತ ಅವನನ್ನೇ ಎದುರಿಗೆ ಕೂರಿಸಿಕೊಂಡರು. ಮುಷ್ಟಿ ಕಟ್ಟಿ ಇದು ಹೃದಯ ಅಂದರು. ಇದರಿಂದ ಹೊರಡುವ ದೊಡ್ಡ ರಕ್ತನಾಳ ಮೇಲೆ ಹೋಗಿ, ಕೊಡೆಯ ಹಿಡಿಯ ಹಾಗೆ ಬಾಗಿ, ಬೆನ್ನಿನ ಕಡೆ ಇಳಿಯುತ್ತದೆ. ಆ ಬಾಗಿನಿಂದಲೇ ಮೂರು ಕವಲು ಒಡೆದು ತಲೆಗೆ, ತೋಳಿಗೆ ರಕ್ತ ಹೋಗುತ್ತದೆ. ನಿಮಗೆ ಆ ಬಾಗು ಉಬ್ಬಿದೆ, ಒಡೆದರೆ ಉಳಿಯುವುದು ಕಷ್ಟ, ಅದನ್ನು ಕತ್ತರಿಸಿ ಬಟ್ಟೆಯ ಕೊಳವೆ ಹೊಲಿಯಬೇಕು ಅಂದರು.

ಹೊಲಿಯುವ ಹೊತ್ತು ಮೈಯನ್ನೆಲ್ಲ ತಣ್ಣಗೆ ಮಾಡಿ ರಕ್ತದ ಓಟ ನಿಲ್ಲಿಸುತ್ತಾರಂತೆ. ತಲೆಗೆ ಮಾತ್ರ ಬೇರೆ ಕೊಳವೆಯಿಂದ ರಕ್ತ ಕೊಡುತ್ತಾರಂತೆ. “ಆದ್ದರಿಂದ ಹೃದಯಕ್ಕಿಂತ ನನಗೆ ನಿಮ್ಮ ಮೆದುಳಿನ ಚಿಂತೆ ಹೆಚ್ಚು” ಅಂದರು. ಆ ಕೆಲಸ ಉದ್ದವಾದಷ್ಟೂ ಅಪಾಯ. ವಯಸ್ಸಾಗಿದ್ದರೆ, ಬೀಡಿ ಸೇದಿದ್ದರೆ, ಬೀಪಿ ಬಹಳ ಕಾಲದಿಂದ ಏರಿದ್ದರೆ, ನಾಳದ ಒಳಗೆ ಸುಣ್ಣ ಕಟ್ಟಿದ್ದರೆ, ಕುತ್ತಿಗೆಯ ನಾಳ ಸಣ್ಣಗಾಗಿದ್ದರೆ, ಮೊದಲೊಮ್ಮೆ ಮೆದುಳಿಗೆ ಏಟು ಬಿದ್ದಿದ್ದರೆ ಇನ್ನೂ ಹೆಚ್ಚು. ಕೆಲವರು ಎಚ್ಚರಾಗುವುದು ತಡವಾಗುತ್ತದೆ, ಕೆಲವರು ಕೆಲವು ದಿನ ಏನೇನೋ ಬಡಬಡಿಸುತ್ತಾರೆ, ಕೆಲವರಿಗೆ ಕೈಯೋ ಕಾಲೋ ಹೋಗುತ್ತದೆ.

ತಮ್ಮ ಎಲ್ಲ ಕೇಳಿಸಿಕೊಂಡ. ಆಮೇಲೆ, ಬೋರು ಬಂದ್ ಮಾಡಿ ಮತ್ತೆ ಚಾಲೂ ಮಾಡಿದಾಗ ಮೊದಲ ನೀರಿಗೆ ಪೈಪಿನ ಕಿಟ್ಟ ಬಂದು ಡ್ರಿಪ್ಪಿನ ತೂತು ಕಟ್ಟುತ್ತದಲ್ಲ, ಹಾಗೇನ್ರಿ ಅಂದ. ಹಾಗೇ ಅಂದರು ಡಾಕ್ಟರು. ಬೀಡಿ ಎಷ್ಟು ಅಂತ ಕೇಳಿದ್ದಕ್ಕೆ ಅವನು ಲೆಕ್ಕ ಇಲ್ಲ ಅಂದ. ಹೆಂಡತಿ ಪಕ್ಕದಲ್ಲಿ ಇದ್ದುದರಿಂದ ಹಾಗೆ ಅಂದನೋ ಏನೋ.

ಅವತ್ತು ಒಬ್ಬ ಚಿಕ್ಕ ಡಾಕ್ಟರು ಹಿಂದಿನ ಕಾಯಿಲೆಗಳ ಬಗ್ಗೆ ಕೇಳಿದರು. ಪಾರ್ಶ್ವವಾಯು ಆಗಿತ್ತಾ ಅಂದಾಗ ತಮ್ಮ ನನ್ನ ಕಡೆ ನೋಡಿದ. ನಮ್ಮಲ್ಲಿ ಆ ಮಾತು ಯಾರೂ ಆಡುವುದಿಲ್ಲ. ಲಕ್ವಾ ಹೊಡೆದಿತ್ತೇನು ಅಂತ ಕೇಳುತ್ತಿದ್ದಾರೆ ಅಂತ ಅವನಿಗೆ ಹೇಳಿದೆ, ಅವನು ಬಾಯಿ ತೆರೆಯುವ ಮೊದಲೇ “ಇಲ್ರಿ ಸಾಹೇಬ್ರ” ಅಂದೆ. ನಮಗೆ ಲಕ್ವಾ ಅಂದರೆ ಹೊರಸಿನ ಮೇಲೆ ಬಿದ್ದು, ಬಾಯಿ ಸೊಟ್ಟಗಾಗಿ, ಇನ್ನೊಬ್ಬರ ಕೈಯಿಂದ ಉಣ್ಣುವುದು. ಚಹಾ ಕುಡಿದು ಎದ್ದು ಅರ್ಧ ಕುರಿ ಮುಗಿಸಿದವನಿಗೆ ಲಕ್ವಾ ಅನ್ನುವುದುಂಟೇ? ಅದು ಮೊದಲನೆಯ ಇಲ್ಲ.

ಆಪರೇಷನ್ನಿನ ಹಿಂದಿನ ಸಂಜೆ ಅರಿವಳಿಕೆ ಕೊಡುವ ಡಾಕ್ಟರಮ್ಮ ವಾರ್ಡಿಗೆ ಬಂದರು. ಅವರು ಯಾವ ರೋಗದ ಹೆಸರನ್ನೂ ಹೇಳಲಿಲ್ಲ. ಯಾವಾಗಲಾದರೂ ಸ್ವಲ್ಪ ಹೊತ್ತು ಕೈಯೋ ಕಾಲೋ ಶಕ್ತಿ ತಪ್ಪಿ, ಮಾತು ತೊದಲಿ, ಬಾಯಿ ಓರೆಯಾಗಿ, ಆಮೇಲೆ ತಾನಾಗಿಯೇ ಸರಿಹೋಗಿದ್ದು ಉಂಟಾ ಅಂತ ತಮ್ಮನ ಮುಖ ನೋಡುತ್ತಾ ಕೇಳಿದರು. ನನ್ನ ಕಣ್ಣ ಮುಂದೆ ಕತ್ತರಿ ಬಿತ್ತು.

ತಮ್ಮ, “ಒಮ್ಮೆ ಕೈ ಜರಾ...” ಅಂತ ಶುರು ಮಾಡಿದ.

“ಅಂಥಾದ್ದೇನಿಲ್ರಿ ಮೇಡಮ್” ಅಂದೆ. “ನಾನೂ ದವಾಖಾನ್ಯಾಗೇ ಕೆಲಸ ಮಾಡ್ತೀನಿ. ಇದ್ರ ನನಗ ಗೊತ್ತಾಗ್ತಿತ್ತು.”

ತಮ್ಮ ಬಾಯಿ ಮುಚ್ಚಿಕೊಂಡ. ಅಕ್ಕ ಅಲ್ಲ ಅಂದ ಮೇಲೆ ಅಲ್ಲ. ಮಂಚದ ಆ ಕಡೆ ಅವನ ಹೆಂಡತಿ ಕೂತಿದ್ದಳು. ಅವತ್ತು ಕಲ್ಯಾಣಕ್ಕೆ ಹೋಗೋಣ ಅಂದವಳು ಅವಳು, ಬೇಡ ಅಂದವಳು ನಾನು. ಈಗ ಹೌದು ಅಂದರೆ ಅವಳು ತಲೆ ಎತ್ತಿ ನನ್ನನ್ನು ನೋಡುತ್ತಾಳೆ. ಆ ಒಂದು ನೋಟಕ್ಕೆ ಅಂಜಿ ಎರಡನೆಯ ಇಲ್ಲ ಅಂದೆ.

ಮುಂಜಾನೆ ಅವನ ಎದೆಯ ಕೂದಲು ಬೋಳಿಸಿದರು. ಉಡದಾರವನ್ನು ನಾನೇ ಬಿಚ್ಚಿದೆ. ತನ್ನ ಎದೆ ನೋಡಿಕೊಂಡು, “ನಂದೂ ಉಣ್ಣಿ ತಗದ್ರು ನೋಡಕ್ಕ” ಅಂದ. ಸ್ಟ್ರೆಚರ್ ತಳ್ಳುವಾಗ ನನ್ನ ಕೈ ಹಿಡಿದು, “ಎಲ್ಲಾ ಹೇಳೀದಿ ಹೌದಲ್ಲ ಅಕ್ಕಾ?” ಅಂತ ಕೇಳಿದ. ಅವನಿಗೆ ಅನುಮಾನ ಇರಲಿಲ್ಲ, ಧೈರ್ಯಕ್ಕೆ ಕೇಳಿದ್ದು. “ಹೇಳೀನಪಾ” ಅಂದೆ. ಬಾಗಿಲು ಮುಚ್ಚಿತು.

ಅವನ ಹೆಂಡತಿ ಬೆಂಚಿನ ಮೇಲೆ ಸೆರಗು ಹೊದ್ದು ಕೂತಳು. ನಾನು ಉಡದಾರ ಕೈಯಲ್ಲಿ ಹಿಡಿದು ನಿಂತೇ ಇದ್ದೆ. ನಮ್ಮ ದವಾಖಾನೆಯಲ್ಲಿ ಒಮ್ಮೆ ಒಬ್ಬ ಮುದುಕಿ, ಬಾಗಿಲ ಹತ್ತಿರ ನಾನು ಮೂರನೇ ಸಲ ಕೇಳಿದ ಮೇಲೆ, ಸೊಸೆಗೆ ಗೊತ್ತಿಲ್ಲದ ಹಾಗೆ ಒಂದು ಬಸಿ ಚಹಾ ಕುಡಿದೆ ಅಂತ ಒಪ್ಪಿಕೊಂಡಿದ್ದಳು. ಆಪರೇಷನ್ ಮುಂದಕ್ಕೆ ಹೋಯಿತು. ಹೊಟ್ಟೆಯಲ್ಲಿದ್ದುದು ಶ್ವಾಸಕೋಶಕ್ಕೆ ಹೋಗಿದ್ದರೆ ಅವಳು ಸಾಯುತ್ತಿದ್ದಳು ಅಂತ ಡಾಕ್ಟರು ನನಗೆ ಶಾಬಾಸ್ ಅಂದಿದ್ದರು. ಮಂದಿಯ ಹೊಟ್ಟೆಯೊಳಗಿನ ಚಹಾ ಹೊರಗೆ ತೆಗೆಸಿದವಳು ನಾನು. ನನ್ನ ಹೊಟ್ಟೆಯೊಳಗಿನದು ಅಲ್ಲೇ ಇತ್ತು.

ಬಾಗಿಲ ಗಂಟೆ ಒತ್ತಿದೆ. ಒಳಗಿನವನು ಅರ್ಧ ಬಾಗಿಲು ತೆಗೆದು, ಯಾರನ್ನೂ ಬಿಡೋದಿಲ್ಲ, ಮುಗಿದ ಮೇಲೆ ಹೇಳುತ್ತೇವೆ ಅಂದ. ಅಂಥ ಬಾಗಿಲನ್ನು ನಾನೂ ಎಷ್ಟೋ ಮಂದಿಯ ಮುಖದ ಮೇಲೆ ಹಾಕಿದ್ದೇನೆ. ಅತ್ತರೂ ತೆರೆಯುವುದಿಲ್ಲ, ಬೈದರೂ ತೆರೆಯುವುದಿಲ್ಲ. ಯಾವ ಮಾತಿಗೆ ತೆರೆಯುತ್ತದೆ ಅಂತ ಒಳಗಿನವರಿಗೆ ಮಾತ್ರ ಗೊತ್ತು.

“ಪೇಷಂಟ್ ಮುಂಜಾನಿ ಚಹಾ ಕುಡದಾನ” ಅಂದೆ. “ಅರಿವಳಿಕಿ ಮೇಡಮ್‌ಗೆ ಈಗೇ ಹೇಳ್ಬೇಕು.”

ಡಾಕ್ಟರಮ್ಮ ಮುಖದ ಪಟ್ಟಿ ಇಳಿಸಿಕೊಂಡೇ ಬಂದರು. ಇನ್ನೂ ನಿದ್ದೆಯ ಔಷಧ ಕೊಟ್ಟಿರಲಿಲ್ಲ, ಕೈಗೆ ಸೂಜಿ ಹಾಕುತ್ತಿದ್ದರು. ಬೆಂಚಿನ ಕಡೆ ಕೇಳಿಸದ ಹಾಗೆ ದನಿ ಇಳಿಸಿ, ಚಹಾ ಅಲ್ರಿ ಮೇಡಮ್ ಅಂತ ಶುರು ಮಾಡಿ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಯಾವ ಕೈ, ಬಾಯಿ ಯಾವ ಕಡೆ ಇಳಿದಿತ್ತು, ಎಷ್ಟು ಹೊತ್ತು ಅಂತ ಒಂದೊಂದಾಗಿ ಕೇಳಿದರು. ಬಲಗೈ, ಬಲಗಡೆ, ಚಹಾ ಕುದಿಯುವಷ್ಟು ಹೊತ್ತು ಅಂದೆ. ಆಮೇಲೆ ಮತ್ತೆ ಆಗಿತ್ತಾ ಅಂದರು. ಇಲ್ಲ ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ತಡೆದೆ.

“ನನಗ ಗೊತ್ತಿಲ್ರಿ. ಅವನ್ನೇ ಕೇಳ್ರಿ” ಅಂದೆ.

ಅವರು ಒಳಗೆ ಹೋಗಿ ಕೇಳಿದರು. ಕುರಿ ಮೇಯಿಸುವಾಗ ಇನ್ನೆರಡು ಸಲ ಕೋಲು ಕೈಯಿಂದ ಜಾರಿತ್ತಂತೆ. ಜೋಮು ತಾನೇ ಅಂತ ಯಾರಿಗೂ ಹೇಳಿರಲಿಲ್ಲ.

ಅವತ್ತು ಆಪರೇಷನ್ ಆಗಲಿಲ್ಲ. ತಮ್ಮನನ್ನು ವಾರ್ಡಿಗೆ ತಂದರು. ಹಸಿದಿದ್ದ, ಉಣ್ಣಿ ತಗದು ಕುರಿ ಹೊಳ್ಳಿ ಕಳಿಸ್ಯಾರ ಅಂತ ಗೊಣಗಿದ. ಅವನ ಹೆಂಡತಿ ಯಾಕೆ ಅಂತ ಕೇಳಿದಳು, ಇನ್ನೊಂದು ತಪಾಸಣೆ ಅದ ಅಂತ ಅಂದೆ. ತಲೆಯ ಸ್ಕ್ಯಾನ್ ಮಾಡಿದರು, ಕುತ್ತಿಗೆಗೆ ಜೆಲ್ ಹಚ್ಚಿ ನಾಳ ನೋಡಿದರು. ಮೆದುಳಿನ ಎಡಗಡೆ ಒಂದು ಸಣ್ಣ ಹಳೆಯ ಗಾಯ. ಕುತ್ತಿಗೆಯ ಎಡ ನಾಳ ಸಣ್ಣಗಾಗಿತ್ತು. ದೊಡ್ಡ ಡಾಕ್ಟರು ನನ್ನೊಬ್ಬಳನ್ನೇ ಕರೆದು ತೋರಿಸಿದರು. ಮೊದಲ ದಿನವೇ ಹೇಳಿದ್ದರೆ ನೆಮ್ಮದಿಯಿಂದ ನೋಡಬಹುದಿತ್ತು, ಈಗ ಹೆಚ್ಚು ಕಾಯುವ ಹಾಗೂ ಇಲ್ಲ, ಉಬ್ಬು ಒಡೆಯಬಹುದು ಅಂದರು. ದನಿ ಏರಿಸಲಿಲ್ಲ. ಏರಿಸಿದ್ದರೆ ನನಗೆ ಹಗುರಾಗುತ್ತಿತ್ತು.

ನರದ ಡಾಕ್ಟರನ್ನೂ ಕೂಡಿಸಿಕೊಂಡು ಅವರು ಕೆಲಸದ ರೀತಿ ಬದಲಿಸಿದರು. ತಲೆಗೆ ಒಂದೇ ಕಡೆಯಿಂದ ಕೊಡಬೇಕೆಂದಿದ್ದ ರಕ್ತವನ್ನು ಎರಡೂ ಕಡೆಯಿಂದ ಕೊಡುವುದು. ಬೀಪಿ ಬಹಳ ಇಳಿಯಲು ಬಿಡದಿರುವುದು. ಹಣೆಗೆ ಪಟ್ಟಿ ಅಂಟಿಸಿ ಮೆದುಳಿಗೆ ರಕ್ತ ಸಾಲುತ್ತಿದೆಯೋ ಇಲ್ಲವೋ ಅಂತ ನೋಡುತ್ತಲೇ ಇರುವುದು. ಸುಣ್ಣ ಕಟ್ಟಿದ ಜಾಗ ಮುಟ್ಟದೆ ಭುಜದ ಕೆಳಗಿನ ನಾಳಕ್ಕೆ ಕೊಳವೆ ಹಾಕುವುದು. ಇಷ್ಟನ್ನೂ ಅವರು ತಮ್ಮನಿಗೇ ಹೇಳಿದರು. ಈ ಸಲ ಅವರು ಕೇಳಿದ ಪ್ರತಿಯೊಂದಕ್ಕೂ ಅವನೇ ಉತ್ತರ ಕೊಟ್ಟ. ನಾನು ಬಾಗಿಲ ಹತ್ತಿರ ನಿಂತಿದ್ದೆ.

ಅವರು ಹೋದ ಮೇಲೆ ತಮ್ಮ, “ಆ ಡಾಕ್ಟರಮ್ಮ ಭಾಳ ಶಾಣ್ಯಾಕಿ ನೋಡಕ್ಕ, ಜೋಮಿನ ಸುದ್ದಿ ಹ್ಯಾಂಗ ಹಿಡದ್ಲು” ಅಂದ. ಹೂಂ ಅಂದೆ. ಡಾಕ್ಟರಿಗೆ ಹೇಳಿದ್ದೆ, ಅವನಿಗೆ ಹೇಳಿರಲಿಲ್ಲ.

ಕೆಲವು ದಿನ ಗುಳಿಗೆಯಿಂದ ಬೀಪಿ ಹಿಡಿತಕ್ಕೆ ತಂದು ಆಪರೇಷನ್ ಮಾಡಿದರು. ಬೆಳಿಗ್ಗೆ ಒಳಗೆ ಹೋದವನು ಹೊರಗೆ ಬಂದಾಗ ಊಟದ ಡಬ್ಬಿಯವರು ಎರಡನೇ ಸಲ ಬಂದು ಹೋಗಿದ್ದರು. ಕೊಳವೆ ಚೆನ್ನಾಗಿ ಕೂತಿದೆ, ಇನ್ನು ಎಚ್ಚರಾಗುವುದನ್ನು ನೋಡಬೇಕು ಅಂದರು. ಎಚ್ಚರಾಗಲು ತಡವಾಯಿತು. ಎಚ್ಚರಾದ ಮೇಲೆ ಅವನು ಅವನಾಗಿರಲಿಲ್ಲ. ನಾಲಿಗೆ ಹೊರಳಿಸಿ ಕುರಿ ಕರೆಯುತ್ತಿದ್ದ, ಸಿಸ್ಟರನ್ನು ಯಾರದೋ ಹೊಲದ ಆಳು ಅಂತ ಬೈಯುತ್ತಿದ್ದ, ಮೂಗಿನ ನಳಿಕೆ ಕೀಳಲು ಹೋಗುತ್ತಿದ್ದ. ಕೈಗೆ ಮೆತ್ತನೆಯ ಬಟ್ಟೆ ಕಟ್ಟಿದ್ದರು. ಬೇರೆಯವರ ಕೈಗೆ ನಾನು ಎಷ್ಟೋ ಸಲ ಅಂಥ ಬಟ್ಟೆ ಕಟ್ಟಿದ್ದೇನೆ. ಆದರೆ ಬಿಚ್ಚಿ ಅಂತ ಅವನು ನನ್ನ ಕಡೆ ನೋಡಿದಾಗ ಮುಖ ತಿರುಗಿಸಬೇಕಾಯಿತು. ಹೀಗಾಗುವುದುಂಟು, ಕಡಿಮೆಯಾಗುತ್ತದೆ, ಹೆಸರು ಹಿಡಿದು ಕರೆಯುತ್ತಿರಿ ಅಂದರು ಸಿಸ್ಟರು. ಒಂದು ಮಧ್ಯಾಹ್ನ ಅವನು, ನನ್ನ ಕತ್ತರಿ ಎಲ್ಲಿ ಇಟ್ಟೀರಿ ಅಂತ ಹೆಂಡತಿಯನ್ನು ಕೇಳಿದ. ಅವಳು ಮನ್ಯಾಗ ಅದ ಅಂದಳು. ಅಂದಿನಿಂದ ಮಾತು ಹದಕ್ಕೆ ಬಂತು.

ಬಲಗೈ ಮಾತ್ರ ಹಿಂದೆ ಉಳಿಯಿತು. ತೋಳು ಏಳುತ್ತಿತ್ತು, ಬೆರಳು ಒಟ್ಟಿಗೆ ಬರುತ್ತಿರಲಿಲ್ಲ. ದೊಡ್ಡ ಡಾಕ್ಟರನ್ನು ನಾನು ಕೇಳಿಯೇ ಬಿಟ್ಟೆ, ಇದು ನನ್ನಿಂದ ಆಯಿತೇನು ಅಂತ. ಮೊದಲೇ ಗೊತ್ತಿದ್ದರೂ ಇಷ್ಟು ಆಗುತ್ತಿತ್ತೋ ಏನೋ, ಗೊತ್ತಾಗದೆ ಕೈ ಹಾಕಿದ್ದರೆ ಬಹಳ ಆಗುತ್ತಿತ್ತೋ ಏನೋ, ನಾನು ಹೇಳಲಾರೆ ಅಂದರು. ಸಮಾಧಾನವಾಗಲಿ ಅಂತ ಅವರು ಏನನ್ನೂ ಸೇರಿಸಲಿಲ್ಲ.

ರಜೆ ಹಾಕಿ ಮುಡಬಿಯಲ್ಲಿ ಉಳಿದೆ. ವ್ಯಾಯಾಮ ಕಲಿಸಿದವರು ಹೇಳಿದ್ದನ್ನು ಮನೆಯಲ್ಲಿದ್ದುದರಲ್ಲೇ ಮಾಡಿಸಿದೆ. ಜೋಳದ ಹಿಟ್ಟು ನಾದುವುದು, ಪರಾತದಲ್ಲಿ ಹರಡಿದ ತೊಗರಿಕಾಳನ್ನು ಎರಡು ಬೆರಳಲ್ಲಿ ಎತ್ತುವುದು, ಉಣ್ಣೆಯ ಗಂಟು ಬಿಡಿಸುವುದು. ಹಿಟ್ಟು ನಾದುವಾಗ ಹೆಂಡತಿ, ರೊಟ್ಟಿ ಬಡಿಯೋದೂ ಕಲಿಯಲಿ, ನನಗೆ ಪುರಸೊತ್ತು ಆಗ್ತದ ಅಂತ ಛೇಡಿಸುತ್ತಿದ್ದಳು. ಅವಳು ನನ್ನೊಂದಿಗೆ ಮೊದಲಿನ ಹಾಗೇ ಇದ್ದಳು, ನನ್ನ ತಟ್ಟೆಗೆ ಮೊದಲ ರೊಟ್ಟಿ ಹಾಕುತ್ತಿದ್ದಳು. ಆ ರೊಟ್ಟಿಯನ್ನು ಮುರಿದು ಅರ್ಧ ತಮ್ಮನ ತಟ್ಟೆಗೆ ಹಾಕುತ್ತಿದ್ದೆ.

ಕೆಲಸಕ್ಕೆ ಮರಳಿದ ಮೇಲೆ ಒಂದು ಬದಲಾವಣೆ ಮಾಡಿಕೊಂಡಿದ್ದೇನೆ. ಡಾಕ್ಟರು ಕೇಳುವಾಗ ಜೊತೆಗೆ ಬಂದವರು ನಡುವೆ ಬಾಯಿ ಹಾಕಿದರೆ, ನೀವು ಸುಮ್ಕಿರ್ರಿ, ಅವರ ಬಾಯಿಂದಲೇ ಬರಲಿ ಅಂತೀನಿ. ಈ ಆಯಾಗೆ ಎಷ್ಟು ಸೊಕ್ಕು ಅಂತ ಕೆಲವರು ಅಂದದ್ದೂ ಉಂಟು.

ಮತ್ತೆ ಉಣ್ಣೆ ತೆಗೆಯುವ ಕಾಲ ಬಂತು. ನಾನು ಹೋದೆ. ಅದೇ ಬೇವಿನ ಗಿಡ, ಅದೇ ನಾಲ್ಕು ಜನ. ತಮ್ಮ ಬಲಗೈಯಲ್ಲಿ ಕತ್ತರಿ ಹಿಡಿದು ನೋಡಿದ. ಅಲಗು ತೆರೆಯಿತು, ಮುಚ್ಚುವಷ್ಟು ಬಲ ಬರಲಿಲ್ಲ. ಕತ್ತರಿಯನ್ನು ದೊಡ್ಡಪ್ಪನ ಮಗನಿಗೆ ಕೊಟ್ಟು, ತಾನು ಮೊಣಕಾಲಿನ ನಡುವೆ ಕುರಿ ಹಿಡಿದು ಕೂತ. ದೊಡ್ಡಪ್ಪನ ಮಗ, “ಏನ್ ಜೋಮಪ್ಪ, ಈ ವರ್ಷಾನೂ ಜೋಮೇನು?” ಅಂದ. ಎಲ್ಲರೂ ನಕ್ಕರು, ತಮ್ಮನೂ ನಕ್ಕ.

“ನಗ್ರಿ ನಗ್ರಿ. ನಮ್ಮ ದವಾಖಾನಿ ಅಕ್ಕ ಇರಲಿಲ್ಲಂದ್ರ ಜೋಮಪ್ಪ ಮಣ್ಣಾಗ ಇರ್ತಿದ್ದ” ಅಂದ.

ಅವನ ಹೆಂಡತಿ ಚಹಾದ ಪಾತ್ರೆ ಇಳಿಸುತ್ತಿದ್ದಳು. ನಾನು ಎದ್ದು ಗಂಡ ಹೆಂಡತಿ ಇಬ್ಬರ ನಡುವೆ ಹೋಗಿ ಕೂತೆ. ಕುರಿ ಒದ್ದಾಡಿತು, ಅದರ ಹಿಂಗಾಲು ಹಿಡಿದೆ.

“ಅದು ಜೋಮ್ ಅಲ್ಲೋ ತಮ್ಮಾ. ಅವತ್ತೂ ಜೋಮ್ ಅಲ್ಲ, ಲಕ್ವಾದ ಮೊದಲ್ನೇ ಏಟು. ಜೋಮ್ ಅಂದಿದ್ದು ನಾನು. ನಿನ್ನ ಹೆಂಡ್ತಿ ಕಲ್ಯಾಣಕ್ಕ ಹೋಗೂಣು ಅಂದ್ಲು, ಬ್ಯಾಡ ಅಂದಿದ್ದೂ ನಾನು. ಕಲಬುರಗ್ಯಾಗ ಡಾಕ್ಟರಮ್ಮ ನಿನ್ನ ಕೇಳಿದ್ಲು, ನೀ ಹೇಳಾಕತ್ತಿದ್ದಿ, ನಾ ನಿನ್ನ ಬಾಯಿ ಮುಚ್ಚಿಸಿದೆ. ನನ್ನ ಹೆಸರು ಉಳೀಲಿ ಅಂತ ಮುಚ್ಚಿಸಿದೆ. ಎಲ್ಲಾ ಹೇಳೀನಿ ಅಂತ ನಿನ್ನ ಕೈ ಹಿಡದು ಸುಳ್ಳ ಹೇಳಿದೆ. ನಂದು ತಪ್ಪಾಗ್ಯಾದ. ನೀವಿಬ್ರೂ ನನಗ ಮಾಫ್ ಮಾಡ್ರಿ.”